ಹನ್ನೊಂದು ಸೆಕೆಂಡಿನ ಕೂಗು

ಮನೆಯಿಂದ, ಅಮ್ಮನ ಪಕ್ಕದ ಕೋಣೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಆ ಕೋಲ್ಡ್ ಸ್ಟೋರೇಜಿನ ಕೆಲಸ ನಿನಗೆ ಆಗಿಬರುವುದಿಲ್ಲ ಎಂದರೆ ನೀನು ಕೇಳುವವನಲ್ಲ, ಉಣ್ಣೆಯ ಕಾಲುಚೀಲವನ್ನಾದರೂ ಎರಡೆರಡು ಹಾಕಿಕೋ. ಅಮ್ಮ ಇದ್ದಾಳೆ. ಬಿ.ಪಿ. ನೋಡಲು ಬರುವ ನರ್ಸಿನ ಮೇಲೆ ರೇಗುವಷ್ಟು ಶಕ್ತಿ ಇದೆ, ಎದ್ದು ಬಾಗಿಲವರೆಗೆ ನಡೆಯುವಷ್ಟು ಇಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದ್ದೇನೆ, ಗೀಟು ನಿನಗೂ ಕಾಣಿಸುತ್ತದೆ.

ನೀನೂ ಚಿಕ್ಕಣ್ಣನೂ ಸೇರಿ ಮಾಡಿದ ಆ ಒಂದೇ ಒಂದು ಗದ್ದಲದ ಪಂಕ್ ರಾಕ್ ಆಲ್ಬಮ್ ಮುನ್ನೂರು ಪ್ರತಿಗೆ ಮುಗಿಯಿತು ಎಂದು ತಿಳಿದಿದ್ದೀಯ ಅಲ್ಲವೇ? ಮುಗಿದಿಲ್ಲ. ನಾಲ್ಕು ತಿಂಗಳ ಹಿಂದೆ ಬೇರೆ ಊರಿನಿಂದ ಒಬ್ಬ ನನ್ನನ್ನು ಹುಡುಕಿ ಪತ್ರ ಬರೆದ. ಹೊಟ್ಟೆಪಾಡಿಗೆ ಕಿವಿಯಂತ್ರ ರಿಪೇರಿ ಮಾಡುತ್ತಾನೆ. ಉಳಿದ ಹೊತ್ತಿನಲ್ಲಿ, ಕಾಸಿನಾಸೆಯಿಲ್ಲದೆ, ಕೆಟ್ಟದಾಗಿ ಧ್ವನಿಮುದ್ರಿಸಿದ ಹಳೆಯ ಪಂಕ್ ಆಲ್ಬಮ್‌ಗಳನ್ನು ತೊಳೆದು ಒಪ್ಪ ಮಾಡಿ ತನ್ನಂಥ ಹುಚ್ಚರಿಗೆ ಹಂಚುತ್ತಾನೆ. ನಿಮ್ಮದು ಅವರ ನಡುವೆ ಹೆಸರುವಾಸಿಯಂತೆ, ಕೆಟ್ಟ ಸದ್ದಿಗೆ. “ಅಕ್ಕಾ, ಕೇಳಿಸದವರಿಗೆ ಕೇಳಿಸುವುದು ನನ್ನ ಕೆಲಸ. ಈ ಆಲ್ಬಮ್ ಕೇಳಿದವರೆಲ್ಲ ಕೊನೆಗೆ ನನ್ನ ಅಂಗಡಿಗೇ ಬರಬೇಕು” ಎಂದು ಫೋನಿನಲ್ಲಿ ನಕ್ಕ. ನಾನೂ ನಕ್ಕೆ. ಈ ಮನೆಯಲ್ಲಿ ನಾನು ನಕ್ಕು ತುಂಬ ದಿನವಾಗಿತ್ತು.

ಮೂಲ ಟೇಪಿನ ಸುರುಳಿ ಅಮ್ಮನ ಹೊಲಿಗೆ ಯಂತ್ರದ ಕೆಳಗೆ ಚಪ್ಪಲಿ ಡಬ್ಬಿಯಲ್ಲಿತ್ತು. ಕಳಿಸಿಕೊಟ್ಟೆ. ಅಷ್ಟು ಹಳೆಯ ಟೇಪು ಅಂಟಂಟಾಗಿರುತ್ತದಂತೆ, ಹಾಗೇ ಓಡಿಸಿದರೆ ಸುಲಿದುಹೋಗುತ್ತದಂತೆ. ಹಣ್ಣು ಒಣಗಿಸುವ ಪೆಟ್ಟಿಗೆಯಲ್ಲಿ ಎಂಟು ಗಂಟೆ ಹದವಾಗಿ ಬೆಚ್ಚಗಿಟ್ಟು ಆಮೇಲೆ ಓಡಿಸಿದ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದಾಗ ಅವನು ನಗುತ್ತಿರಲಿಲ್ಲ. “ಅಕ್ಕಾ, ಸ್ಟುಡಿಯೋ ಕೆಟ್ಟದ್ದು ಅಂತ ಎಲ್ಲರೂ ಬೈತಾರೆ. ಸುರುಳಿ ಚೆನ್ನಾಗೇ ಇದೆ. ಡ್ರಮ್ಸ್ ಬೇರೆ, ಗಿಟಾರ್ ಬೇರೆ, ಹಾಡು ಬೇರೆ, ಒಂದೊಂದೂ ಸ್ವಚ್ಛ. ಆಮೇಲೆ ಯಾರೋ ಬೇಕೂಂತಲೇ ಕೆಸರು ಮಾಡಿದಾರೆ.” ಆರನೆಯ ಹಾಡಿನ ನಡುವೆ ಗಿಟಾರನ್ನು ಸ್ಪೀಕರಿಗೆ ಹಿಡಿದು ಎಬ್ಬಿಸಿದ ಕೂಗು ಇದೆಯಲ್ಲ, ಹನ್ನೊಂದು ಸೆಕೆಂಡಿನದು, ಅಭಿಮಾನಿಗಳು ಅದಕ್ಕೇ ಜೀವ ಬಿಡುತ್ತಾರೆ. ಅದು ಆಮೇಲೆ ಮೇಲಿಂದ ಸುರಿದದ್ದಂತೆ. ಅದನ್ನು ತೆಗೆದು ಕೆಳಗಿದ್ದದ್ದನ್ನು ನನಗೆ ಕಳಿಸಿದ.

ಡ್ರಮ್ಸ್ ನಿಲ್ಲುತ್ತದೆ. ಚಿಕ್ಕಣ್ಣ ಏದುಸಿರು ಬಿಡುತ್ತ, “ತಾಳು ಅಣ್ಣಾ, ಎದೆ ಹಿಡೀತಿದೆ” ಎನ್ನುತ್ತಾನೆ. ನೀನು, “ಸಾಕು ಬಿಡೋ, ನಾಳೆ ನೋಡೋಣ” ಎನ್ನುತ್ತೀಯ. ಆಗ ಬಾಗಿಲ ಕಡೆಯಿಂದ ಒಂದು ಹುಡುಗಿ ನಗುತ್ತಾಳೆ. “ಇಷ್ಟಕ್ಕೇ ಸುಸ್ತಾ? ಅಜ್ಜ ಕಣೋ ನೀನು! ಬಾರಿಸೋ!” ಅವನೂ ನಗುತ್ತಾನೆ, “ನೋಡ್ತಿರು” ಎನ್ನುತ್ತಾನೆ. ಕೋಲಿಗೆ ಕೋಲು ನಾಲ್ಕು ಸಲ ತಾಗುತ್ತದೆ. ಹಾಡು ಮತ್ತೆ ಶುರುವಾಗುತ್ತದೆ.

ಅಣ್ಣಾ, ನನಗೆ ನೆನಪಿರಲಿಲ್ಲ ಎಂದರೆ ಅರ್ಧ ಸುಳ್ಳು. ನಿಮ್ಮ ಸ್ಟುಡಿಯೋ ಆಗಿದ್ದ ಆ ಬಡಗಿಯ ಶೆಡ್ಡಿಗೆ ಚಹಾ ತಂದುಕೊಟ್ಟು ಕೂಡಲೇ ಹೊರಟುಬಂದೆ ಎಂದು ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಅದನ್ನೇ ನಂಬಿದ್ದೆ. ಆವತ್ತು ಸಂಜೆ ಚಿಕ್ಕಣ್ಣ ತೀರಿಕೊಂಡ ಮೇಲೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಮ್ಮ, “ಎದೆ ಹಿಡಿದರೆ ಅವನು ತಾನೇ ನಿಲ್ಲಿಸ್ತಿದ್ದ. ಮತ್ತೆ ಬಾರಿಸು ಅಂದೋರು ಯಾರು?” ಎಂದಳು. ನಾನು ನೆಲ ನೋಡಿದೆ. ನೀನು “ನಾನೇ” ಅಂದೆ. ಅಮ್ಮ ಆಮೇಲೆ ನಿನಗೆ ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯಲಾರೆ. ಅವಳ ಜೊತೆಗೆ ನಾನೂ ನಿನ್ನನ್ನು ದ್ವೇಷಿಸಿದೆ. ನನಗೆ ಬೇರೆ ದಾರಿ ಇರಲಿಲ್ಲ ಎಂದು ಕಾಣುತ್ತದೆ.

ನೀನು ಆ ತುಣುಕನ್ನು ಕತ್ತರಿಸಿ ಎಸೆಯಬಹುದಿತ್ತು. ಎಸೆದರೆ ಚಿಕ್ಕಣ್ಣ ಕೊನೆಯ ಸಲ ಬಾರಿಸಿದ್ದೂ ಹರಿದುಹೋಗುತ್ತಿತ್ತು, ಅದಕ್ಕೇ ಅಲ್ಲವೇ ಮುಚ್ಚಿದೆ? ಆ ಒಂದು ಕಡೆ ಮಾತ್ರ ಸದ್ದು ಕೆಟ್ಟರೆ ಸಂಶಯ ಬಂದೀತೆಂದು ನೀನು ಇಡೀ ಆಲ್ಬಮನ್ನೇ ಹಾಳು ಮಾಡಿದೆ. ನಾನು ಇಷ್ಟು ಕವಿತೆ ಓದಿದವಳು, ಸಾಲಿನ ಕೆಳಗಿನ ಮಾತು ಕೇಳಿಸುತ್ತದೆ ಎಂದು ಬೀಗಿದವಳು. ನನ್ನ ದನಿಯೇ ಕೇಳಿಸಲಿಲ್ಲ.

ಕಿವಿಯಂತ್ರದವನು ಕೇಳಿದ, “ಈ ಹುಡುಗಿ ಯಾರು ಅಕ್ಕಾ, ಗೊತ್ತಾ?” ಗೊತ್ತಿಲ್ಲ ಎಂದುಬಿಟ್ಟೆ. ಮರುದಿನ ನಾನೇ ಫೋನ್ ಮಾಡಿ ನಿಜ ಹೇಳಿದೆ. ಹೊಸ ಆಲ್ಬಮಿನಲ್ಲಿ ಕೂಗನ್ನು ಮತ್ತೆ ಹಾಕಲೋ, ದನಿಗಳನ್ನು ಹಾಗೇ ಬಿಡಲೋ ಎಂದು ಅವನು ಕಾಯುತ್ತಿದ್ದಾನೆ. ಮುಚ್ಚಿದವನು ನೀನು, ಆ ತೀರ್ಮಾನ ನಿನ್ನದು. ಒಂದು ಸಾಲು ಬರೆದು ತಿಳಿಸು.

ನಿನಗೆ ನಮಸ್ಕಾರ ಎಂದು ಬರೆಯುವ ರೂಢಿ ನನಗೆ ಎಂದೂ ಇರಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ನಿನ್ನ ತಂಗಿ

ಮ.ವಿ.: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸೋಮವಾರ ಮಧ್ಯಾಹ್ನ ಅಮ್ಮನ ಕಿವಿಗೆ ಹೆಡ್‌ಫೋನ್ ಇಟ್ಟು ಅದನ್ನು ಕೇಳಿಸಿದೆ. ಮೂರು ಸಲ ಹಾಕಿಸಿಕೊಂಡಳು. ಎರಡು ಸಲ ಕಣ್ಣು ಮುಚ್ಚಿಕೊಂಡು, ಮೂರನೆಯ ಸಲ ನನ್ನನ್ನೇ ನೋಡುತ್ತ. “ಅವನು ಯಾಕೆ ನಾನೇ ಅಂದ?” ಎಂದು ಒಮ್ಮೆ ಕೇಳಿದಳು, ನನ್ನನ್ನಲ್ಲ, ಗೋಡೆಯನ್ನು. ಅಲ್ಲಿಂದೀಚೆಗೆ ನನ್ನೊಡನೆ ಮಾತಿಲ್ಲ. ನನ್ನ ಕೈಯಿಂದ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ, ನರ್ಸ್ ಬಂದು ಕೊಡಬೇಕು. ನಿನ್ನೆ ಅವಳಿಂದ ನಿನ್ನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಮನೆಯ ನಂಬರು ಕಂಡರೆ ನೀನು ಎತ್ತುವುದಿಲ್ಲ, ಗೊತ್ತು. ಈಗ ಬಂದರೆ ಎತ್ತು. ಮಾಡುವವಳು ನಾನಲ್ಲ.