ಒಂಬತ್ತು ಗಂಟೆಯ ಸಹಿ

ಮಾರ್ಚ್ 3, ಬೆಳಗಿನ ಜಾವ 4:10
ಹಲ್ಲು ಕಡಿಯುವ ಸದ್ದಿಗೆ ಎಚ್ಚರ. ಮಗಳದ್ದೇ. ನಾಲ್ಕು ವರ್ಷ, ಮಾತಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ, ಹಸಿವಾದರೆ ಹೀಗೆ. ನಾನು ತಿನ್ನಿಸಿದರೆ ಬರೀ ಕೆಮ್ಮು. ಆರೈಕೆಗೆ ಬರುವ ಏಜೆನ್ಸಿಯ ಅಕ್ಕ ತಿನ್ನಿಸಿದರೆ ಒಂದೊಂದೇ ಚಮಚ ಒಳಗೆ ಇಳಿಯುತ್ತದೆ.

ನಿನ್ನೆಯೂ ಅಕ್ಕ ಹೊರಟದ್ದು 9:40ಕ್ಕೆ. “ಬೆಳಿಗ್ಗೆ ಎಂಟರಿಂದ ಒಂಬತ್ತಲ್ವಾ ಅಕ್ಕಾ?” ಅಂದೆ.

“ರಾಣಿಯಮ್ಮನಿಗೆ ಗಡಿಯಾರ ಗೊತ್ತಿಲ್ವಲ್ಲ! ಅದನ್ನ ನೀವು ನೋಡ್ಕೊಳ್ಳಿ, ನಾನು ಬಾಯಿ ನೋಡ್ಕೋತೀನಿ,” ಅಂದರು ಮಗಳ ಗಲ್ಲ ಒರೆಸುತ್ತಾ.

ಮಾರ್ಚ್ 9
ಅಕ್ಕನ ಬಸ್ಸು ತಡ. ಬಂದ ಸಮಯ 8:12 ಎಂದು ಏಜೆನ್ಸಿಯ ಹಾಜರಿ ಶೀಟಿನಲ್ಲಿ ಬರೆದೆ. ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಹೋದ ಸಮಯ — ಎಂದಿನಂತೆ ಮೊದಲೇ 9:00 ಎಂದು ಹಾಕಿ ಸಹಿ ಮಾಡಿಟ್ಟೆ. ಊಟದ ನಡುವೆ ಪೆನ್ನು ಯಾರು ಹುಡುಕುತ್ತಾರೆ?
ಹೊರಟದ್ದು 9:45.

ಮಾರ್ಚ್ 28
ಅಕ್ಕ ಕೆಲಸ ಬಿಡುತ್ತಾರಂತೆ. ಒಂದನೇ ತಾರೀಖಿನಿಂದ ಗೋದಾಮು.

“ಡಬ್ಬಕ್ಕೆ ಟೇಪ್ ಅಂಟಿಸೋದು. ಡಬ್ಬ ಕೆಮ್ಮಲ್ಲ, ಉಗಿಯಲ್ಲ. ಸಂಬಳ ಮಾತ್ರ ಇದಕ್ಕಿಂತ ಜಾಸ್ತಿ!” ನಕ್ಕರು. ಆಮೇಲೆ ನಗಲಿಲ್ಲ. “ಮನೆಯೊಳಗಿದ್ದ ಹೊತ್ತಿಗಷ್ಟೇ ದುಡ್ಡು ಮೇಡಂ. ಬಸ್ಸಲ್ಲಿ ಕೂತಿದ್ದಕ್ಕಿಲ್ಲ. ಹತ್ತು ನಿಮಿಷ ತಡ ಆದ್ರೆ ಅರ್ಧ ಗಂಟೆ ಕಟ್.”

“ತಡ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?”

ಅಕ್ಕ ಚಮಚ ತೊಳೆದರು. ಬಹಳ ಹೊತ್ತು ತೊಳೆದರು.

ನಾನೇ. ಶೀಟಿನಲ್ಲಿರುವುದು ನನ್ನದೇ ಅಕ್ಷರ.

ಮಾರ್ಚ್ 31, ರಾತ್ರಿ 11:30
ಏಜೆನ್ಸಿಗೆ ಹೋಗಿದ್ದೆ. “ಬಂದದ್ದೂ ನೀವೇ ಬರೆದಿದ್ದು, ಹೋದದ್ದೂ ನೀವೇ. ಈಗ ಅಲ್ಲ ಅಂದ್ರೆ?” ಅಂದ ಗುಮಾಸ್ತ. ಜಗಳಕ್ಕೇ ನಿಂತೆ. ಕೊನೆಗೆ — ತಿದ್ದಿದ ಶೀಟಿಗೆ ಅಕ್ಕನ ಸಹಿಯೂ ಬೇಕು, ಬೆಳಿಗ್ಗೆ ಎಂಟರೊಳಗೆ. ತಪ್ಪಿದರೆ ಈ ತಿಂಗಳ ಲೆಕ್ಕ ಮುಚ್ಚಿತು.

ಅಕ್ಕ ಹೊರಟ ಹೊತ್ತೆಲ್ಲ ಈ ಡೈರಿಯಲ್ಲಿದೆ. ಒಂದೊಂದೇ ನೋಡಿ ಬರೆಯುತ್ತಿದ್ದೇನೆ. 9:40. 9:45. ಒಂದು ದಿನ 10:05.
“ನಾಳೆ ಇನ್ಯಾರನ್ನೋ ಕಳಿಸ್ತಾರೆ, ಮಲಗೇ,” ಎಂದರು ಇವರು.
ಏಳು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಅಕ್ಕಾ, ಈ ಪುಟದ ಫೋಟೋ ತೆಗೆದು ನಿಮಗೆ ಕಳಿಸುತ್ತೇನೆ. ನೀವು ದುಡಿದದ್ದು ನಿಮಗೆ ಸಿಗಲಿ. ಗೋದಾಮಿಗೇ ಹೋಗಿ. ‘ಇಲ್ಲೇ ಇರಿ’ ಅನ್ನುವ ಮುಖ ನನಗಿಲ್ಲ...
ಮತ್ತೆ ಹಲ್ಲು ಕಡಿಯುತ್ತಿದ್ದಾಳೆ.
ಸಹಿಗಾದರೂ ಬನ್ನಿ ಅಕ್ಕಾ. ಇಲ್ಲ, ನಾನೇ ಶೀಟು ಹಿಡಿದು ಬರುತ್ತೇನೆ, ಎಲ್ಲಿ ಅಂತ ಹೇಳಿ. ಬೆಳಗಾಗುವುದರೊಳಗೆ ಒಂದೇ ಒಂದು ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ, ನಾನು ಎದ್ದೇ ಇರುತ್ತೇನೆ.