ಐವತ್ತಾರನೇ ಊರು

೫-೧೨-೧೯೬೨, ಬೆಳಿಗ್ಗೆ

ಯಾರದು ಈ ಪುಸ್ತಕ ದಿಂಬಿನ ಕೆಳಗಿಂದ ಎಳೆದಿದ್ದು? ಕೈ ತೊಳೆದುಕೊಂಡಿದ್ದೀಯಾ? ಇನ್ನೊಬ್ಬರ ದಿಂಬಿಗೆ ಕೈ ಹಾಕಲು ನಾಚಿಕೆ ಇಲ್ಲವೇ? ಸರೋಜಾ, ನೀನಾದರೆ ಎರಡು ಪಟ್ಟು ನಾಚಿಕೆಗೇಡು. ನಿನಗೆ ಓದಲು ಬರುವುದಿಲ್ಲ. ಅತ್ತೆ ಗೀಚಿದ ಅಕ್ಷರಗಳ ಮುಖ ನೋಡುವುದಕ್ಕೆ ತೆಗೆದೆಯಾ? ಇದ್ದಲ್ಲೇ ಇಡು. ಹೋಗಿ ಒಲೆ ನೋಡು. ಸಾರು ತಳ ಹತ್ತಿದ ವಾಸನೆ ಜಗಲಿವರೆಗೂ ಬಂದಿದೆ.

ಕೆರೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದು ಇವತ್ತಿಗೆ ಹದಿನೆಂಟು ದಿನ. ಮೂಳೆ ಕಟ್ಟುವ ಕದಿರಯ್ಯ ಬಿದಿರು ದಬ್ಬೆ ಇಟ್ಟು ಕಟ್ಟಿದ್ದಾನೆ. ಪಾವಗಡದ ಕಡೆಯವನು, ಮಾತು ಅರ್ಧ ತೆಲುಗು. "ಕದಲೊದ್ದು ಅಜ್ಜೀ. ಅಳ್ಳಾಡಿದ್ರೆ ನಾನೇ ಬಂದು ಇನ್ನೊಂದ್ಸಲ ಮುರೀತೀನಿ" ಅಂದ. ಕಟ್ಟು ಬಿಚ್ಚಲು ಎರಡು ತಿಂಗಳಂತೆ. ಜಗಲಿಯೇ ಜೈಲು. ಎದುರಿಗೆ ರಹಮತ್ ಬಿ ಮನೆ ಬಾಗಿಲು, ಹತ್ತು ಹೆಜ್ಜೆ. ಬುಕ್ಕಾಪಟ್ಟಣದಲ್ಲಿ ನನಗೆ ಉಳಿದಿರುವ ನೋಟ ಅದೊಂದೇ.

ಆದರೂ ಕೆಲಸ ತಪ್ಪಿಲ್ಲ. ಈ ಬೀದಿಯ ನಾಲ್ಕು ಮನೆ ಹುಡುಗರು ಮಿಲ್ಟ್ರಿಯಲ್ಲಿದ್ದಾರೆ. ನನ್ನ ಮೊಮ್ಮಗ ಓಬಳನೂ ಸೇರಿ. ಅವರ ಕಾಗದ ಓದುವುದು, ಉತ್ತರ ಬರೆಯುವುದು ನನ್ನ ಪಾಲು. ಹುಲಿಕುಂಟೆ ಸ್ಕೂಲಿನಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು ನಾನು. ಜಾಸ್ತಿ ಓದಿದ ಗಂಡಸರು ಊರಲ್ಲಿದ್ದಾರೆ. ಆದರೆ ಅವರ ಮುಂದೆ ತಾಯಂದಿರು ಅಳುವುದಿಲ್ಲ. ಬರೆಸಬೇಕಾದ್ದು ಬಾಯಿಗೆ ಬರುವುದಿಲ್ಲ.

ಇವತ್ತು ರಹಮತ್ ಬಿ ಬಂದಳು. ದಿನವೂ ಬರುತ್ತಾಳೆ, ಕಟ್ಟಿನ ಮೇಲೆ ಬಿಸಿ ಎಣ್ಣೆ ಬಿಟ್ಟು ಪಾದ ಉಜ್ಜಲು. ನಾನು ಕರೆದದ್ದಲ್ಲ. ಅವಳ ಮಗ ಜಹೀರನ ಕಾಗದ ದಸರಾಕ್ಕೆ ಮುಂಚೆ ಬಂದದ್ದೇ ಕೊನೆ. ಆಮೇಲೆ ಚೀನಾದವರ ಯುದ್ಧ. ಅದು ನಿಂತಿತು ಅಂತ ರೇಡಿಯೋದಲ್ಲಿ ಹೇಳಿ ಹದಿನೈದು ದಿನವಾಯಿತು. ಅವನದು ಸುದ್ದಿಯಿಲ್ಲ. ತುಮಕೂರಿನ ಸೈನಿಕರ ಕಚೇರಿಗೆ ಅರ್ಜಿ ಹಾಕಿದರೆ ಹುಡುಕಿಸುತ್ತಾರೆ ಅಂತ ಪೋಸ್ಟ್‌ಮ್ಯಾನ್ ಪರ್ವತಯ್ಯ ಹೇಳಿದ್ದ. ಬರೆಯಲು ಕೂತೆ. ಅದರಲ್ಲಿ ಜಹೀರನ ಅಡ್ರೆಸ್ ಇಂಗ್ಲಿಷಿನಲ್ಲಿ. ರಂಗೋಲಿ ನೋಡಿ ಇಳಿಸುವ ಹಾಗೆ ನೋಡಿ ನೋಡಿ ಇಳಿಸುವುದು. ಕೊನೆ ಸಾಲಿಗೆ ಬಂದು ಕೈ ನಿಂತಿತು.

"ಯಾಕಕ್ಕ ನಿಲ್ಸಿಬುಟ್ಟೆ?"

"ಐವತ್ತಾರು ಎ.ಪಿ.ಒ. ಅಲ್ವೇನೆ ಇದು? ನಮ್ ಓಬಳನ್ದೂ ಐವತ್ತಾರೇ ಕಣೆ. ಇಬ್ರೂ ಒಂದೇ ಊರಲ್ಲವ್ರೆ."

"ಸಚ್ ಅಕ್ಕ?"

"ನಾನ್ಯಾವತ್ತು ಸುಳ್ಳು ಹೇಳಿದೀನಿ? ಅರ್ಜಿಗಿರ್ಜಿ ಬುಡು. ಓಬಳ ಒಂದು ಗಳಿಗೆ ಹೋಗಿ ನೋಡ್ಕಂಡು ಬತ್ತಾನೆ."

ಎರಡು ವರ್ಷದಿಂದ ಇಬ್ಬರಿಗೂ ಬರೆಯುತ್ತಿದ್ದೇನೆ. ಇವತ್ತು ಕಣ್ಣಿಗೆ ಬಿತ್ತು. ಅರ್ಧ ಬರೆದ ಅರ್ಜಿ ಈ ಪುಸ್ತಕದೊಳಗಿಟ್ಟೆ.

೬-೧೨

ಈ ಪುಸ್ತಕ ಓಬಳ ಸ್ಕೂಲಲ್ಲಿ ಅರ್ಧಕ್ಕೆ ಬಿಟ್ಟ ಭೂಗೋಳದ ನೋಟ್ ಬುಕ್ಕು. ಮುಂದಿನ ಹಾಳೆಯಲ್ಲಿ ಅವನೇ ಬರೆದ ದೇಶದ ನಕ್ಷೆ ಇದೆ. ಐವತ್ತಾರು ಎಲ್ಲಿದೆ ಅಂತ ಹುಡುಕಿದೆ. ಇಲ್ಲ. ಚಿಕ್ಕ ಊರಿರಬೇಕು. ಬುಕ್ಕಾಪಟ್ಟಣವೂ ಇದರಲ್ಲಿಲ್ಲ. ಹಾಗಂತ ನಾವು ಇಲ್ಲವೇ?

೯-೧೨

ಮೇಷ್ಟ್ರು ಬೀದಿಬೀದಿ ತಿರುಗಿ ಜವಾನರಿಗೆ ಉಣ್ಣೆ ಬಟ್ಟೆ ಕೇಳಿದರು. ಕಂಬಳಿ ತೆಗೆದುಕೊಟ್ಟೆ. ಕಂಬಳಿ ಬೇಡ, ಹೆಣೆದ ಸ್ವೆಟರ್ ಬೇಕಂತೆ. "ಮೇಷ್ಟ್ರೇ, ಈ ಊರಲ್ಲಿ ಕಡ್ಡಿ ಇಟ್ಕಂಡು ಹೆಣೆಯೋರು ಯಾರವ್ರೆ, ತೋರ್ಸಿ. ಕುರಿಗೆ ಚಳಿ ತಡೆದಿದ್ದು ಸಿಪಾಯಿಗೆ ತಡೆಯಕ್ಕಿಲ್ವಾ?" ಅಂದೆ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದರು. ಮಾತಿಗಿಂತ ಕಂಬಳಿ ಹಗುರ ಅನ್ನಿಸಿರಬೇಕು.

ಓಬಳನಿಗೆ ಪಾರ್ಸೆಲ್ ಕಟ್ಟಿಸಿದೆ. ಒಂದರಲ್ಲೇ ಎರಡು ಗಂಟು. ಬಿಳಿ ಗಂಟು ಅವನದು. ಕಡ್ಲೆ ಉಂಡೆ, ಚಟ್ನಿಪುಡಿ. ಹಸಿರು ಗಂಟು ಜಹೀರನದು. ರಹಮತ್ ಬಿ ಹೊಲಿದ ಅಂಗಿ, ಖಜೂರ, ಶಿರಾದ ದರ್ಗಾದಿಂದ ತಂದ ತಾಯಿತ. ತಾಯಿತವನ್ನು ಅಂಗಿಯ ತೋಳಿನೊಳಗೇ ಸುತ್ತಿಟ್ಟಳು. ತೋಳು ತೂರಿಸುವಾಗ ಕೈಗೆ ತಾಕಬೇಕಂತೆ.

ನಾನು ಚೀಟಿ ಬರೆದೆ: ಹಸಿರುಗಂಟು ಜಹೀರನಿಗೆ ಕೊಡು. ಒಂದೇ ಊರಲ್ಲಿದ್ದೂ ಇಷ್ಟು ದಿನ ಮಾತಾಡಿಸಿಲ್ಲವಲ್ಲ, ನಿನಗೇನು ಕೊಂಬು ಬಂದಿದೆಯಾ?

೩-೧-೧೯೬೩

ಓಬಳನ ಕಾರ್ಡು. ನಾಲ್ಕೇ ಸಾಲು. "ಪಾರ್ಸೆಲ್ ಸಿಕ್ಕಿತು. ನಮ್ಮ ಕಡೆ ಹುಡುಗರೆಲ್ಲ ತಿಂದರು. ಎಲ್ಲರೂ ಕ್ಷೇಮ. ಪುರುಸೊತ್ತಿಲ್ಲ, ಮುಂದೆ ಬರೆಯುತ್ತೇನೆ."

ಬೀದಿಗೆಲ್ಲ ಕೇಳುವಂತೆ ಓದಿದೆ.

"ಎಲ್ಲರೂ ಅಂದ್ರೆ ನನ್ನ ಜಹೀರನೂನಾ?" ಅಂದಳು ರಹಮತ್ ಬಿ.

"ಎಲ್ಲರೂ ಅಂದ್ಮೇಲೆ ಎಲ್ಲರೂ ಕಣೆ. ಅವನನ್ನ ಬುಟ್ಟು ತಿಂತಾನಾ ನಮ್ಮೋನು?"

ಕಾರ್ಡು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ವಾಪಸು ಕೊಡುವುದಕ್ಕೆ ಸಂಜೆಯಾಯಿತು.

೭-೧

ಶಿರಾದಿಂದ ಅಹಮದ್ ಷರೀಫ್ ಬಂದಿದ್ದ. ಅವನ ಮಗಳು ಹಮೀದಾಳನ್ನು ಜಹೀರನಿಗೆ ಕೊಡುವ ಮಾತಾಗಿದೆ. ಹುಡುಗನ ಸುದ್ದಿಯೇ ಇಲ್ಲ, ಮಧುಗಿರಿಯಿಂದ ಬೇರೆ ಸಂಬಂಧ ಕೇಳಿಕೊಂಡು ಬಂದಿದೆ, ನೋಡೋಣ ಅಂದ. ಜಗಲಿ ಮೇಲಿಂದಲೇ ಹಿಡಿದುಕೊಂಡೆ.

"ಲೇ ಷರೀಫಾ, ಮಿಲ್ಟ್ರಿಗೋದ ಹುಡುಗನ್ನ ಬುಟ್ಟು ಹೆಣ್ಣು ಬೇರೆ ಕಡೆ ಕೊಡ್ತೀಯಂತೆ. ನನ್ ಮೊಮ್ಮಗ ಬರೆದವ್ನೆ, ಎಲ್ಲರೂ ಕ್ಷೇಮ ಅಂತ. ಓದ್ಲಾ ಇನ್ನೊಂದ್ಸಲ?"

"ದೊಡ್ಡಮ್ಮ, ನಿಮ್ಮ ಮಾತಿದ್ರೆ ಸಾಕು, ಬುಡಿ. ರಂಜಾನ್ ಹಬ್ಬ ಕಳೀಲಿ. ರಜಾ ಮೇಲೆ ಬಂದ್ರೆ ನಿಕಾಹ್ ಮಾಡೇಬುಡಾನ."

ನನ್ನ ಮಾತಿನ ಮೇಲೆ ಎದ್ದುಹೋದ. ಖುಷಿಯಾಯಿತು. ಮುರಿದ ಕಾಲಿನ ಮುದುಕಿ ಒಂದು ಮದುವೆ ಉಳಿಸಿಕೊಟ್ಟಳು ಅಂತ.

೧೯-೧, ಮಧ್ಯಾಹ್ನ

ಕಟ್ಟು ಬಿಚ್ಚಿ ಮೂರು ದಿನ. ಕಾಲು ಒಣಗಿದ ಜೋಳದ ದಂಟಿನ ಹಾಗಿದೆ. ಊರುವ ಹಾಗಿಲ್ಲ.

ಓಬಳನ ಕಾಗದ ಬಂತು. ಸರೋಜಾ ಹೊಲಕ್ಕೆ ಹೋಗಿದ್ದಳು. ಒಬ್ಬಳೇ ಓದಿದೆ. ಮೂರು ಸಲ.

"ಅಜ್ಜಿ, ಅವತ್ತು ಗಡಿಬಿಡಿಯಲ್ಲಿ ನಿನ್ನ ಚೀಟಿ ಸರಿಯಾಗಿ ನೋಡಿರಲಿಲ್ಲ. ಈಗ ಓದಿ ಮೊದಲು ನಗು ಬಂತು, ಆಮೇಲೆ ನಿಂತಿತು. ಐವತ್ತಾರು ಅನ್ನುವುದು ಊರಲ್ಲ. ಮಿಲ್ಟ್ರಿ ಪೋಸ್ಟಿನ ನಂಬರ್. ಯಾವ ಗಡಿಯಲ್ಲಿದ್ದರೂ ನಮಗೆ ಅದೇ ಅಡ್ರೆಸ್. ನಾವು ಎಲ್ಲಿದ್ದೇವೆ ಅಂತ ಯಾರಿಗೂ ಗೊತ್ತಾಗಬಾರದು ಅಂತಲೇ ಹಾಗೆ. ಜಹೀರಣ್ಣನ ಪಲ್ಟನ್ ಬೇರೆ. ಸೇರಿದ ಮೇಲೆ ಅವನ ಮುಖ ನಾನು ನೋಡಿಲ್ಲ. ಅವರ ಪಲ್ಟನ್ ಇದ್ದ ಕಡೆ"

ಅಲ್ಲಿಂದ ಎರಡು ಸಾಲಿಗೆ ಯಾರೋ ಕಪ್ಪು ಮಸಿ ಬಳಿದಿದ್ದಾರೆ. ಕಾಗದ ಬಿಸಿಲಿಗೆ ಹಿಡಿದೆ. ಕಾಣಲಿಲ್ಲ. ಮಸಿಯ ಕೆಳಗೆ ಒಂದೇ ಸಾಲು: "ಹಸಿರು ಗಂಟು ನನ್ನ ಪೆಟ್ಟಿಗೆಯಲ್ಲೇ ಇದೆ. ಅರ್ಜಿ ಹಾಕಿಸು ಅಜ್ಜಿ, ಬೇಗ."

ಎದುರು ಬಾಗಿಲು ತೆರೆಯಿತು. ಎಣ್ಣೆ ಬಟ್ಟಲು ಹಿಡಿದು ಬಂದಳು. ಕಾಗದ ತೊಡೆ ಕೆಳಗೆ ಹಾಕಿಕೊಂಡೆ.

"ಓಬಳನ ಕಾಗದ ಬಂತಂತೆ? ಏನ್ ಬರೆದವ್ನೆ?"

"ಚಳಿಯಂತೆ."

"ಜಹೀರಂಗೆ ಅಂಗಿ ಸರಿಯಾಯ್ತಂತಾ?"

"...ಅದೇನೂ ಬರೆದಿಲ್ಲ."

೨೦-೧

ಪರ್ವತಯ್ಯನನ್ನು ನಿಲ್ಲಿಸಿ ಕೇಳಿದೆ. ಐವತ್ತಾರು ಊರಲ್ಲ ಅಂತ ನಿನಗೆ ಗೊತ್ತಿತ್ತಾ?

"ಗೊತ್ತಿಲ್ದೆ ಏನಜ್ಜಿ. ಹಿಂದೂಪುರದೋನ್ದೂ ಅದೇ ನಂಬರ್ರು, ಕೊರಟಗೆರೆಯೋನ್ದೂ ಅದೇ."

"ಬಾಯಿ ಬುಡಕ್ಕೇನಾಗಿತ್ತು?"

"ನೀನು ಕೇಳಿದ್ರೆ ತಾನೆ? ಯಾವಾಗ್ಲೂ ನೀನೇ ಹೇಳ್ತಿರ್ತೀಯ."

ಅರ್ಜಿ ಈಗಲಾದರೂ ಹೋಗುತ್ತಾ ಅಂತ ಕೇಳಿದೆ. ಅರ್ಜಿಗೆ ತಾಯಿಯ ಹೆಬ್ಬೆಟ್ಟು ಬೇಕೇಬೇಕಂತೆ. ಇಲ್ಲದಿದ್ದರೆ ಅವಳಿಗೆ ಹೇಳದೆ ನಾನೇ ಕಳಿಸಿಬಿಡುತ್ತಿದ್ದೆ. ಅದಕ್ಕೂ ದಾರಿಯಿಲ್ಲ. ಡಿಸೆಂಬರ್ ಐದಕ್ಕೇ ಹೋಗಬೇಕಿತ್ತು ಅದು. ನಾನು ತಡೆದೆ.

೨೭-೧

ಇವತ್ತಿನಿಂದ ಅವಳಿಗೆ ರೋಜಾ. ನೀರೂ ಇಲ್ಲ. ಇವತ್ತು ಬರಬೇಡ ಅಂತ ಹೇಳಿ ಕಳಿಸಿದೆ. ಬಂದಳು. ತುಟಿ ಬಿಳಿಚಿಕೊಂಡಿತ್ತು. ಕಾಲು ತೊಡೆ ಮೇಲೆಳೆದುಕೊಂಡು ಉಜ್ಜಿದಳು.

"ದುವಾ ಕೇಳೋವಾಗ ಓಬಳನ ಹೆಸರೇ ಮೊದಲು ತಗೋತೀನಿ ಅಕ್ಕ. ಅಲ್ಲಿ ನನ್ ಮಗನ್ನ ನೋಡ್ಕಣೋದು ಅವನಲ್ವಾ?"

ಕಾಲಿದ್ದರೆ ಓಡಿಹೋಗುತ್ತಿದ್ದೆ. ಕಾಲು ಅವಳ ತೊಡೆ ಮೇಲಿತ್ತು.

೪-೨, ಬೆಳಿಗ್ಗೆ

ಅರ್ಜಿ ಹೊಸದಾಗಿ ಬರೆದೆ. ಒಂದು ಉಪಾಯ ಹೊಳೆದಿದೆ. ಹಬ್ಬಕ್ಕೆ ಸರ್ಕಾರದವರು ಸಕ್ಕರೆ ಕೊಡುತ್ತಾರೆ, ಅದಕ್ಕೆ ಹೆಬ್ಬೆಟ್ಟು ಬೇಕು ಅನ್ನುವುದು. ಒತ್ತಿಸಿಕೊಂಡು ತುಮಕೂರಿಗೆ ಕಳಿಸುವುದು. ಅಲ್ಲಿಂದ ಒಳ್ಳೆ ಸುದ್ದಿ ಬಂದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಅದೇ ದಿನ, ಸಂಜೆ

ಸಕ್ಕರೆ ಅನ್ನುವಷ್ಟರಲ್ಲೇ ಬೆರಳು ಚಾಚಿದಳು. ಯಾವ ಸಕ್ಕರೆ, ಯಾವ ಕಾಗದ, ಕೇಳಲಿಲ್ಲ. ಮಸಿ ಹಚ್ಚಿ ಒತ್ತಿದೆ. ಜಾರಿತು. ಸೆರಗಿನಿಂದ ಒರೆಸಿ ಮತ್ತೆ ಒತ್ತಿದೆ. ಗೆರೆಯೇ ಇಲ್ಲ. ಬರೀ ಕಪ್ಪು ಮುದ್ದೆ.

ನಕ್ಕಳು. "ಹೋಗಕ್ಕಿಲ್ಲ ಬುಡಕ್ಕ. ನಿನ್ ಕಾಲೆಣ್ಣೆ. ಎರಡು ತಿಂಗಳಿಂದು ಚರ್ಮಕ್ಕೇ ಇಳಿದೈತೆ."

ಅವಳ ಬೆರಳು ನನ್ನ ಕೈಯಲ್ಲೇ ಇತ್ತು. ಹೇಳಿಬಿಟ್ಟೆ. ಐವತ್ತಾರು ಊರಲ್ಲ. ಓಬಳ ಅವನನ್ನು ನೋಡಿಲ್ಲ. ಇದು ಸಕ್ಕರೆ ಕಾಗದವಲ್ಲ. ನನಗೆ ಗೊತ್ತಾಗಿ ಹದಿನಾರು ದಿನವಾಯಿತು.

ಬೆರಳು ಬಿಡಿಸಿಕೊಂಡಳು.

"ತಾಯಿತ?"

"ಓಬಳನ ಪೆಟ್ಟಿಗೇಲೈತೆ."

ನನ್ನ ಕಾಲನ್ನು ತೊಡೆಯಿಂದ ಎತ್ತಿ ದಿಂಬಿನ ಮೇಲಿಟ್ಟಳು. ಅದೂ ಮೆತ್ತಗೆ, ಮಲಗಿದ ಕೂಸನ್ನು ಇಡುವ ಹಾಗೆ. ಎತ್ತಿ ಬಿಸಾಡಿದ್ದರೆ ಚೆನ್ನಾಗಿತ್ತು. ಬಟ್ಟಲು ತೆಗೆದುಕೊಂಡು ಹೋದಳು. ಬಾಗಿಲು ಹಾಕಿಕೊಂಡಳು.

೧೨-೨

ಬಂದಿಲ್ಲ.

೨೬-೨

ಹಬ್ಬ. ಪ್ರತಿ ವರ್ಷದ ಹಾಗೆ ಶಾವಿಗೆ ಪಾಯಸ ಬಂತು, ಪಕ್ಕದ ಮನೆ ಹುಡುಗಿ ಕೈಲಿ. ರಹಮತ್ ಬಿ ಬರಲಿಲ್ಲ. ಸರೋಜಾ ಎರಡು ಲೋಟ ಕುಡಿದಳು. ಒಂದು ನನ್ನ ಪಾಲಿನದು.

"ಅತ್ತೆ, ಆವಮ್ಮನೇ ಷರೀಫರಿಗೆ ಎಲ್ಲಾ ಹೇಳಿಕಳಿಸ್ತಂತೆ" ಅಂದಳು ಸರೋಜಾ. "ಮುಂದಿನ ತಿಂಗಳು ಮುಗಿಯೋವರೆಗೂ ನೋಡ್ತೀನಿ, ಆಮೇಲೆ ನನ್ನ ಕೈಲಾಗಲ್ಲ ಅಂದ್ರಂತೆ."

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ನೀವು ಹೇಳಿದ್ರಾ?"

ಸೊಸೆಗೆ ಬಾಯಿ ಬಂದಿದೆ. ಸರಿಯಾದ ಹೊತ್ತಿಗೇ.

೧-೩

ಎರಡು ದಿನ ಎದುರು ಬಾಗಿಲು ನೋಡಿದೆ. ತಡೆಯಲಾಗಲಿಲ್ಲ. ಸರೋಜಾ ನೀರಿಗೆ ಹೋದಾಗ ಅರ್ಜಿ, ಮಸಿ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿ ಇಳಿದೆ. ನಿಲ್ಲಲಾಗುವುದಿಲ್ಲ. ಕುಂಡಿ ಮೇಲೆ ಜರುಗುತ್ತಾ ಬೀದಿ ದಾಟಿದೆ. ಹತ್ತು ಹೆಜ್ಜೆ ಅಂತ ಎಣಿಸಿಕೊಂಡಿದ್ದೆ. ಜರುಗುವವರಿಗೆ ಬೇರೆ ಲೆಕ್ಕ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ನಿಂತು ನೋಡಿದ. "ನಿಮ್ಮಜ್ಜಿ ನೆಲ ಸಾರಿಸ್ತಾವಳೆ, ಹೋಗ್ಲಾ" ಅಂದೆ.

ಬಾಗಿಲು ಬಡಿದೆ. ತೆಗೆದಳು. ನನ್ನ ಸೀರೆಯ ಮಣ್ಣು ನೋಡಿದಳು. ಒಳಗೆ ಹೋದಳು. ಬರುವುದಿಲ್ಲವೇನೋ ಅಂದುಕೊಂಡೆ. ಸೀಗೆಪುಡಿಯಲ್ಲಿ ಕೈ ಉಜ್ಜಿ ತೊಳೆದುಕೊಂಡು, ಒರೆಸಿಕೊಂಡು ಬಂದು ಹೊಸಿಲಲ್ಲಿ ಕೂತಳು. ಬೆರಳು ಚಾಚಿದಳು. ಈ ಸಲ ಅರ್ಜಿ ಪೂರ್ತಿ ಓದಿ ಹೇಳಿದೆ. "ಪತ್ತೆಯಿಲ್ಲ" ಅನ್ನುವ ಮಾತನ್ನೂ. ಹೆಬ್ಬೆಟ್ಟು ಒತ್ತಿದಳು. ಗೆರೆಗೆರೆ ಮೂಡಿತು.

"ಬಯ್ಯೆ ನನ್ನ" ಅಂದೆ.

"ಹೆಂಗೆ ಬಯ್ಲಿ ಅಕ್ಕ? ನಿನ್ ಮಾತು ನಂಬ್ಕಂಡು ಎರಡು ತಿಂಗಳು ನಿದ್ದೆ ಮಾಡ್ದೆ. ಅದಕ್ಕೆ ಮುಂಚೆ ನಿದ್ದೆ ಇರ್ಲಿಲ್ಲ. ಈಗ್ಲೂ ಇಲ್ಲ." ಮಸಿ ಡಬ್ಬಿ ನನ್ನ ಕಡೆ ಸರಿಸಿ ಅಂದಳು, "ಅರ್ಜಿ ತುಮಕೂರಿಗೆ ಹೋಗ್ಲಿ. ಜಹೀರಂಗೂ ಒಂದು ಬರಿ. ಕ್ಷೇಮ, ಕುಶಲ ಎಲ್ಲಾ ಬ್ಯಾಡ. ನಿನ್ ಬಾಯಿ ಹೆಂಗೈತೋ ಅಂಗೇ ಬರಿ."

ಆಮೇಲೆ ಅವಳೂ ಸರೋಜಾಳೂ ಸೇರಿ ನನ್ನನ್ನು ಎತ್ತಿಕೊಂಡು ಬಂದು ಜಗಲಿ ಮೇಲೆ ಹಾಕಿದರು. ಎಣ್ಣೆ ಬಟ್ಟಲು ಬಂದಿಲ್ಲ. ನಾನು ಕೇಳಲೂ ಇಲ್ಲ.

೨-೩, ಬೆಳಿಗ್ಗೆ

ಅರ್ಜಿ ಪರ್ವತಯ್ಯನ ಚೀಲಕ್ಕೆ ಬಿತ್ತು. ಇನ್‌ಲ್ಯಾಂಡ್ ಕಾಗದ ಒಂದೇ ಇದೆ. ಮೊದಲು ಇಲ್ಲಿ ಬರೆದು ಆಮೇಲೆ ಇಳಿಸುತ್ತೇನೆ. ಚೀಲ ಕಟ್ಟುವ ಮುಂಚೆ ಮತ್ತೆ ಬರುತ್ತಾನಂತೆ. ರಹಮತ್ ಬಿ ಎದುರು ಬಾಗಿಲಲ್ಲೇ ಕೂತು ನನ್ನ ಕೈ ನೋಡುತ್ತಿದ್ದಾಳೆ.

ಜಹೀರ, ನಾನು ಎದುರು ಮನೆ ರಾಮಾಂಜಿನಮ್ಮ. ಐದು ತಿಂಗಳಾಯಿತು, ತಾಯಿ ಇದ್ದಾಳೋ ಇಲ್ಲವೋ ಅಂತ ಒಂದು ಸಾಲು ಬರೆಯಲಿಲ್ಲ ನೀನು. ಕೈಗೆ ಏಟಾಗಿದ್ದರೆ ಪಕ್ಕದವನ ಕೈಲಿ ಬರೆಸು. ಚೀನಾದವರು ಹಿಡಿದುಕೊಂಡು ಹೋಗಿದ್ದರೆ ಹಿಡಿದವನ ಕೈಲಿ ಬರೆಸು. ಹಮೀದಾಳ ಅಪ್ಪ ಈ ತಿಂಗಳು ಮುಗಿಯುವವರೆಗೆ ಕಾಯುತ್ತಾನೆ. ನಿನ್ನ ತಾಯಿ ಎಷ್ಟು ದಿನವಾದರೂ ಕಾಯುತ್ತಾಳೆ, ಅದಕ್ಕೇ ನನಗೆ ಭಯ.

ಇದು ಅವನ ಕೈಗೆ ಸೇರದಿದ್ದರೆ, ಒಡೆದು ಓದಿ ಮಸಿ ಬಳಿಯುವವನೊಬ್ಬ ಇದ್ದೀಯಲ್ಲ, ಈಗ ನಿನಗೆ ಹೇಳುತ್ತಿದ್ದೇನೆ. ಕನ್ನಡ ಬಾರದಿದ್ದರೆ ಬರುವವನನ್ನು ಹಿಡಿದು ಓದಿಸು. ನನ್ನ ಮೊಮ್ಮಗನ ಎರಡು ಸಾಲು ತಿಂದವನು ನೀನು. ಆ ಸಾಲಿನಲ್ಲಿ ಏನಿತ್ತು ಅಂತ ನಿನಗೆ ಗೊತ್ತು. ಬದುಕಿದ್ದರೆ ಬದುಕಿದ್ದಾನೆ ಅಂತ ಬರಿ. ಇಲ್ಲದಿದ್ದರೆ ಇಲ್ಲ ಅಂತ ಬರಿ. ಇಲ್ಲಿ ಓದಿ ಹೇಳುವವಳು ನಾನು. ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದುತ್ತೇನೆ. ಊರಿನ ಹೆಸರು ಹಾಕು, ನಂಬರ್ ಬೇಡ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಿ. ಬರೆಯದೆ ಇದ್ದರೆ—

ಪರ್ವತಯ್ಯ ಬಂದ. ಇಷ್ಟೇ ಇಳಿಸುತ್ತೇನೆ. ಉತ್ತರ ಬರಿ, ಮುಂದಿನ ತಿಂಗಳೊಳಗೆ.