ತಲೆ ಜಜ್ಜಿದ ಕಂಬಗಳು

ಕೆಂಗೇರಿ, ಸೋಮವಾರ

ಸೇತುರಾಮ್ ಸಾರ್‌ಗೆ ನಮಸ್ಕಾರ.

ಇಲ್ಲಿನ ಅಪಾರ್ಟ್‌ಮೆಂಟ್ ಕೊಳದ ಮೇಲೆ ನೀವು ಎಂಜಿನಿಯರಾಗಿ ನಿಂತು ಕಟ್ಟಿಸಿದ ಮರದ ಡೆಕ್ ಆರು ವರ್ಷದ ಹಿಂದೆ ಕುಸಿಯಿತಲ್ಲ, ಅದರ ಕಂಬಗಳ ಮರುಪರೀಕ್ಷೆಗೆ ನನ್ನನ್ನು ನೇಮಿಸಿದ್ದಾರೆ. ಅಂದು ಕೊಳದ ತಳಕ್ಕೆ ಆ ಮರದ ಕಂಬಗಳನ್ನು ಹೊಡೆದ ಯಲ್ಲಪ್ಪ ಮೇಸ್ತ್ರಿಯ ಮಗಳು ನಾನು.

ಕೊನೆಯ ಹತ್ತು ಪೆಟ್ಟಿಗೆ ಕಂಬ ಸ್ವಲ್ಪವೇ ಇಳಿಯಿತೆಂದು, ಅದು ಗಟ್ಟಿ ನೆಲ ಮುಟ್ಟಿದೆ, ಎಷ್ಟು ಭಾರವನ್ನಾದರೂ ಹೊರುತ್ತದೆ ಎಂದು ಲೆಕ್ಕ ಹಾಕಿದಿರಿ. ಅಪ್ಪ ಆಗಲೇ ಹೇಳಿದ್ದರು: "ಸಾಹೇಬ್ರ, ಕಂಬದ ತಲಿ ಜಜ್ಜಿ ಹೋಗೇತ್ರಿ. ಪೆಟ್ಟೆಲ್ಲಾ ಅದ ನುಂಗಾಕತ್ತೈತಿ. ಕೊಯ್ದು ಮತ್ತ ಹೊಡೀಬೇಕ್ರಿ."

"ಕಂಬ ಹೊಡೆಯೋನು ನನಗೇ ಲೆಕ್ಕ ಹೇಳ್ಕೊಡ್ತೀಯೇನೋ?" ಎಂದು ಎಲ್ಲರೆದುರು ನಕ್ಕಿರಿ. ಡೆಕ್ ಕುಸಿದ ಮೇಲೆ, ಮೇಸ್ತ್ರಿ ಪೆಟ್ಟುಗಳನ್ನು ತಪ್ಪಾಗಿ ಎಣಿಸಿದ್ದೇ ಕಾರಣ ಎಂದು ವರದಿ ಬರೆದಿರಿ. ಆಮೇಲೆ ಅಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಡೆಕ್ ಕೂರಿಸದೆ ಬಿಟ್ಟಿದ್ದ ನಾಲ್ಕು ಕಂಬಗಳು ಅದೇ ಜಜ್ಜಿದ ತಲೆಯಲ್ಲಿ ಇನ್ನೂ ನಿಂತಿವೆ. ಶನಿವಾರ ಒಂದರ ತಲೆ ಕೊಯ್ಯಿಸಿ ಮತ್ತೆ ಹೊಡೆಸಿದೆ. ಹತ್ತೇ ಪೆಟ್ಟಿಗೆ ಗೇಣುದ್ದ ಇಳಿಯಿತು. ಉಳಿದ ಮೂರನ್ನು ನಿಮಗೆಂದೇ ಮುಟ್ಟದೆ ಇಟ್ಟಿದ್ದೇನೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಅಪಾರ್ಟ್‌ಮೆಂಟಿನವರೆಲ್ಲ ಇರುತ್ತಾರೆ. ನೀವು ಬಾರದಿದ್ದರೆ ನಿಮ್ಮ ವರದಿಯನ್ನು ನಾನೇ ಅವರೆದುರು ಓದುತ್ತೇನೆ.

ಆ ಮೂರರ ತಲೆಯನ್ನೂ ಕೊಯ್ಯಿಸಿ ಹೊಡೆಸುತ್ತೇನೆ; ಪೆಟ್ಟುಗಳನ್ನು ನೀವೇ ಎಣಿಸಬೇಕು. ಅಪ್ಪ ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಾರೆ. ಕಂಬ ಹೊಡೆದೂ ಹೊಡೆದೂ ಅವರಿಗೆ ಕಿವಿ ಮಂದವಾಗಿದೆ. ದಯವಿಟ್ಟು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿ.

ನಿಮ್ಮ ದಾರಿ ಕಾಯುತ್ತಿರುವ,
ದಾನಮ್ಮ ಯಲ್ಲಪ್ಪ
ಸಿವಿಲ್ ಎಂಜಿನಿಯರ್